ಮತ್ತೆ ಪ್ರಯತ್ನಿಸಿ

ಮೊದಲ ಕೆಲಸಕ್ಕೆ ಸೇರಿದ ಒಂದು ವರ್ಷದಲ್ಲಿ ನಾನು ನೋಡಿದ್ದು ಒಂದೇ ಒಂದು ಕ್ರೆಡಿಟ್ ಕಾರ್ಡ್ ನಂಬರ್. ಮೊದಲು ನಾಲ್ಕು, ಆಮೇಲೆ ಸಾಲಾಗಿ ಹದಿನೈದು ಒಂದುಗಳು. ಪೇಮೆಂಟ್ ಸಾಫ್ಟ್‌ವೇರ್ ಬರೆಯುವವರಿಗೆಲ್ಲ ಈ ನಂಬರ್ ಗೊತ್ತು. ಯಾರ ಜೇಬಿನಲ್ಲೂ ಇಲ್ಲದ, ಬರೀ ಪರೀಕ್ಷೆಗೆಂದೇ ಇರುವ ಕಾರ್ಡ್ ಅದು. ಕಾರ್ಡ್ ಸಂಖ್ಯೆ ಸರಿಯಾಗಿದೆಯೇ ಎಂದು ನೋಡಲು ಐಬಿಎಂನ ಹ್ಯಾನ್ಸ್ ಪೀಟರ್ ಲೂನ್ ಎಂಬಾತ ಕಂಡುಹಿಡಿದ ಸಣ್ಣ ಲೆಕ್ಕವೊಂದಿದೆ. ಅದಕ್ಕೆ 1960ರಲ್ಲಿ ಪೇಟೆಂಟ್ ಸಿಕ್ಕಿತು. ಬಲಗಡೆಯಿಂದ ಒಂದು ಬಿಟ್ಟು ಒಂದು ಅಂಕಿಯನ್ನು ಇಮ್ಮಡಿ ಮಾಡಿ, ಎರಡಂಕಿ ಬಂದರೆ ಅವನ್ನೂ ಕೂಡಿ, ಎಲ್ಲದರ ಮೊತ್ತ ಸೊನ್ನೆಯಲ್ಲಿ ಮುಗಿದರೆ ಸಂಖ್ಯೆ ಸರಿ. ನಮ್ಮ ಪರೀಕ್ಷೆಯ ಕಾರ್ಡಿನದು 30 ಬರುತ್ತದೆ. ಬಿಡುವಾದಾಗ ಪೆನ್ಸಿಲ್ ಹಿಡಿದು ಕೂಡಿ ನೋಡಿ. ಆ ಒಂದುಗಳ ಸಾಲನ್ನು ನಾನು ಸಾವಿರಾರು ಸಲ ಟೈಪ್ ಮಾಡಿದ್ದೇನೆ. ನಿದ್ದೆಗಣ್ಣಲ್ಲೂ ಹದಿನೈದಕ್ಕೇ ಬೆರಳು ನಿಲ್ಲುತ್ತಿತ್ತು.

ಇಂಜಿನಿಯರಿಂಗ್ ಮುಗಿಸಿ 2017ರಲ್ಲಿ ಬೆಂಗಳೂರಿಗೆ ಬಂದಾಗ ಸಿಕ್ಕ ಕೆಲಸ ಅದು. ಜಯನಗರದ ಒಂದು ಮನೆಯ ಮಹಡಿಯಲ್ಲಿ ಹನ್ನೆರಡು ಜನರ ಕಂಪನಿ. ಊರೂರಿನ ಕಾಲೇಜುಗಳಿಗೆ ಆನ್‌ಲೈನಿನಲ್ಲಿ ಫೀಸು ಕಟ್ಟಿಸಿಕೊಡುವುದು ನಮ್ಮ ವ್ಯಾಪಾರ. ಸರ್ವರ್‌ಗಳು ವೈಟ್‌ಫೀಲ್ಡ್ ಕಡೆಯ ಡೇಟಾ ಸೆಂಟರೊಂದರಲ್ಲಿ, ಬಾಡಿಗೆಗೆ ಹಿಡಿದ ಅರ್ಧ ರ್‍ಯಾಕಿನಲ್ಲಿದ್ದವು. ಅಮ್ಮ ಫೋನಿನಲ್ಲಿ "ನೀ ಅಲ್ಲಿ ಮಾಡೋದೇನೇ?" ಎಂದು ಕೇಳಿದಾಗ "ದುಡ್ಡನ್ನ ಈ ದಡದಿಂದ ಆ ದಡಕ್ಕೆ ದಾಟಿಸೋದು" ಎಂದಿದ್ದೆ. "ಹೊಳೆಬಾಗಿಲಿನ ಲಾಂಚಿನ ಹಾಗಾ?" ಎಂದಳು. ನಮ್ಮದು ಸಾಗರದ ಕಡೆ. ಈಗ ಅಲ್ಲಿ ಸೇತುವೆಯಾಗಿದೆ, ಆಗ ಸಿಗಂದೂರಿಗೆ ಹೋಗುವವರೆಲ್ಲ ಶರಾವತಿಯ ಹಿನ್ನೀರನ್ನು ಲಾಂಚಿನಲ್ಲೇ ದಾಟಬೇಕಿತ್ತು. ಹೌದು ಎಂದೆ. ಅಮ್ಮನ ಹೋಲಿಕೆ ಎಷ್ಟು ಸರಿಯಿತ್ತೆಂಬುದು ಆಮೇಲೆ ತಿಳಿಯಿತು.

ನೀವು ಕಾರ್ಡ್ ನಂಬರ್ ಹಾಕಿ, ಒಟಿಪಿ ಕೊಟ್ಟು, ಪರದೆಯ ಮೇಲೆ ಸುತ್ತುವ ಚಕ್ರವನ್ನು ನೋಡುತ್ತಾ ಕೂರುತ್ತೀರಲ್ಲ, ಆ ಎರಡು ಮೂರು ಸೆಕೆಂಡಿನಲ್ಲಿ ಒಂದು ಸಂದೇಶ ಬಹಳ ದೂರ ಹೋಗಿ ಬರುತ್ತದೆ. ನಮ್ಮ ಸರ್ವರಿನಿಂದ ಕಾಲೇಜಿನ ಪರವಾಗಿ ಹಣ ಪಡೆಯುವ ಬ್ಯಾಂಕಿಗೆ, ಅಲ್ಲಿಂದ ವೀಸಾ, ಮಾಸ್ಟರ್‌ಕಾರ್ಡ್, ರುಪೇ ಜಾಲಗಳಿಗೆ, ಅಲ್ಲಿಂದ ನಿಮಗೆ ಕಾರ್ಡ್ ಕೊಟ್ಟ ಬ್ಯಾಂಕಿಗೆ. ಅಲ್ಲಿ ಯಂತ್ರವೊಂದು ನಿಮ್ಮ ಲಿಮಿಟ್ ನೋಡಿ ಉತ್ತರ ಕೊಡುತ್ತದೆ. ಉತ್ತರವೆಂದರೆ ಎರಡೇ ಅಂಕಿ. 00 ಅಂದರೆ ಒಪ್ಪಿದೆ, 51 ಅಂದರೆ ಅಷ್ಟು ಹಣವಿಲ್ಲ, 54 ಅಂದರೆ ಕಾರ್ಡಿನ ಅವಧಿ ಮುಗಿದಿದೆ. ಆ ಉತ್ತರ ಬಂದ ದಾರಿಯಲ್ಲೇ ವಾಪಸ್ಸು ಬರಬೇಕು. 00 ಎಂದ ಮಾತ್ರಕ್ಕೆ ದುಡ್ಡು ಹೊರಡುವುದಿಲ್ಲ. ನಿಮ್ಮ ಲಿಮಿಟ್ಟಿನಲ್ಲಿ ಅಷ್ಟು ಮೊತ್ತವನ್ನು ಬ್ಯಾಂಕು ತಡೆದು ಇಟ್ಟುಕೊಳ್ಳುತ್ತದೆ, ಜೊತೆಗೆ ಒಂದು ಒಪ್ಪಿಗೆ ಸಂಖ್ಯೆ ಕೊಡುತ್ತದೆ. ದಿನದ ಕೊನೆಗೆ ನಾವು ಕಳಿಸುವ ಪಟ್ಟಿಯಲ್ಲಿ ಆ ಸಂಖ್ಯೆ ಇದ್ದರೆ ಮಾತ್ರ ಹಣ ಕಾಲೇಜಿಗೆ. ನಿಮ್ಮ ಮೊಬೈಲಿಗೆ ಬರುವ ಎಸ್ಸೆಮ್ಮೆಸ್ ಮಾತ್ರ ಆಗಲೇ ಖರ್ಚಾಯಿತು ಎಂದು ಹೇಳಿಬಿಟ್ಟಿರುತ್ತದೆ.

ಲಾಂಚು ಆ ದಡಕ್ಕೆ ಹೋಗಿ, ಹಿಂತಿರುಗಿ ಬಾರದಿದ್ದರೆ? ಅದಕ್ಕೆ ಕೋಡ್ ಇಲ್ಲ. ಉತ್ತರವೇ ಬಂದಿರುವುದಿಲ್ಲವಲ್ಲ. ನಮ್ಮ ಸಾಫ್ಟ್‌ವೇರ್ ಮೂವತ್ತು ಸೆಕೆಂಡು ಕಾದು, ಪರದೆಯ ಮೇಲೆ ಒಂದು ವಾಕ್ಯ ತೋರಿಸುತ್ತಿತ್ತು: "ನಿಮ್ಮ ಪಾವತಿ ವಿಫಲವಾಗಿದೆ. ದಯವಿಟ್ಟು ಮತ್ತೆ ಪ್ರಯತ್ನಿಸಿ."

ಆ ವಾಕ್ಯ ಬರೆದದ್ದು ನಾನೇ. ಕಾಲೇಜುಗಳು ಕನ್ನಡದ ಪುಟ ಬೇಕೆಂದಿದ್ದವು, ತಂಡದಲ್ಲಿ ಕನ್ನಡ ಬರೆಯಲು ಬರುತ್ತಿದ್ದವಳು ನಾನೊಬ್ಬಳೇ. ಬಟನ್ನುಗಳು, ಸೂಚನೆಗಳು ಎಲ್ಲವನ್ನೂ ಒಂದು ಮಧ್ಯಾಹ್ನದಲ್ಲಿ ಮುಗಿಸಿದ್ದೆ. 'ಫೇಲ್ಡ್' ಎಂಬುದಕ್ಕೆ 'ವಿಫಲ' ಎಂದು ಬರೆದು, ಎಷ್ಟು ಚೆನ್ನಾಗಿದೆ ಎಂದು ಬೀಗಿದ್ದೂ ಉಂಟು.

2018ರ ಜೂನ್ ಕೊನೆ. ಕಾರ್ಡ್ ಉದ್ಯಮಕ್ಕೆ ಪಿಸಿಐ ಡಿಎಸ್‌ಎಸ್ ಎಂಬ ಸುರಕ್ಷತಾ ನಿಯಮಾವಳಿಯೊಂದಿದೆ, 2004ರಿಂದ ಜಾರಿಯಲ್ಲಿರುವಂಥದ್ದು. ಅದರ ಪ್ರಕಾರ ಜೂನ್ 30ರೊಳಗೆ ಟಿಎಲ್‌ಎಸ್ 1.0 ಎಂಬ ಹಳೆಯ ಗೂಢಲಿಪಿ ಪದ್ಧತಿಯನ್ನು ಸರ್ವರುಗಳಿಂದ ತೆಗೆಯಬೇಕಿತ್ತು. ತೆಗೆದೆವು. ಮರುದಿನವೇ ಹಳ್ಳಿಯ ಕಾಲೇಜುಗಳಿಂದ ಫೋನು ಶುರುವಾಯಿತು. ಪುಟವೇ ತೆರೆಯುತ್ತಿಲ್ಲ! ಹಳೆಯ ಆಂಡ್ರಾಯ್ಡ್ ಫೋನುಗಳ ಬ್ರೌಸರಿಗೆ ಹೊಸ ಪದ್ಧತಿ ಬರುತ್ತಿರಲಿಲ್ಲ. ಸುರಕ್ಷತೆಗೆಂದು ನಾವು ಹಾಕಿದ ಬಾಗಿಲು ಮೊದಲು ತಡೆದದ್ದು ಹೊಸ ಫೋನು ಕೊಳ್ಳಲಾಗದವರನ್ನು. ಯಾವ ಯಾವ ಫೋನುಗಳು ಹೀಗೆ ಹಿಂತಿರುಗುತ್ತಿವೆ ಎಂದು ನೋಡಲು ಶನಿವಾರ ರಾತ್ರಿ ನಾನು ಸರ್ವರಿನ ಲಾಗನ್ನು ಡೀಬಗ್ ಮಟ್ಟಕ್ಕೆ ಏರಿಸಿದೆ. ಅಂದರೆ ಸಾಫ್ಟ್‌ವೇರ್ ತಾನು ಮಾಡಿದ್ದು, ಕೇಳಿದ್ದು, ಹೇಳಿದ್ದು ಎಲ್ಲವನ್ನೂ ಒಂದು ಕಡತದಲ್ಲಿ ಬರೆದಿಡುವಂತೆ. ಕಾರಣ ಸಿಕ್ಕಿತು. ಲಾಗನ್ನು ಕೆಳಗಿಳಿಸುವುದು ಮರೆತುಹೋಯಿತು.

ಸೋಮವಾರ, ಜುಲೈ 2, ಹಲವು ಕಾಲೇಜುಗಳಿಗೆ ಫೀಸು ಕಟ್ಟಲು ಕೊನೆಯ ದಿನ. ಹನ್ನೊಂದು ಗಂಟೆಗೆ ಬ್ಯಾಂಕಿನ ಕಡೆಯ ಉತ್ತರಗಳು ನಿಧಾನವಾದವು. ಹತ್ತು ಸೆಕೆಂಡು, ಇಪ್ಪತ್ತು, ಆಮೇಲೆ ಮೂವತ್ತು ದಾಟಿತು. ಸಹಾಯವಾಣಿ ನೋಡಿಕೊಳ್ಳುವ ಹುಡುಗಿ ಊಟಕ್ಕೆ ಹೋಗಿದ್ದಳು, ಫೋನು ಎತ್ತಿದ್ದು ನಾನು.

"ಮೇಡಂ, ರಾಣೇಬೆನ್ನೂರಿಂದ ಮಾತಾಡಾಕತ್ತೀನ್ರೀ. ನಮ್ಮ ತಂಗಿ ಮಗಳ ಫೀ ತುಂಬಾಕ ಹತ್ತೀನಿ. ರೊಕ್ಕ ಕಟ್ ಆಗೈತಿ, ಆದ್ರ ತುಂಬಿಲ್ಲ ಅಂತ ತೋರಸ್ತೈತ್ರಿ."

"ಎಷ್ಟು ಸಲ ಕಟ್ಟಿದ್ರಿ?"

"ಮೂರ್ ಸಲ ಮಾಡೀನ್ರೀ. ಎರಡ್ ಸಲ ಮೆಸೇಜ್ ಬಂತು. ಮೂರನೇದ್ದಕ್ಕ ಕಾರ್ಡಿನ್ಯಾಗ ರೊಕ್ಕ ಇಲ್ಲ ಅಂತು."

ಫೀಸು 18,600. ಅವರ ಕಾರ್ಡಿನ ಲಿಮಿಟ್ ನಲವತ್ತು ಸಾವಿರ. ಗೊಬ್ಬರದ ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸ ಅವರದು. ಮನೆಯಲ್ಲಿದ್ದದ್ದು ಅದೊಂದೇ ಕಾರ್ಡ್. ಐದು ಗಂಟೆಯೊಳಗೆ ರಸೀದಿ ತೋರಿಸದಿದ್ದರೆ ಸೀಟು ಮುಂದಿನವರಿಗೆ ಹೋಗುತ್ತದೆ ಎಂದು ಕಾಲೇಜಿನವರು ಹೇಳಿದ್ದಾರೆ.

"ಒಂದ್ಸಲ ಕಟ್ ಆದ್ಮೇಲೆ ಯಾಕೆ ಮತ್ತೆ ಮಾಡಿದ್ರಿ ಸರ್?" ಎಂದೆ. ಧ್ವನಿಯಲ್ಲಿ ಸ್ವಲ್ಪ ಬೇಸರವೂ ಇತ್ತು, ಈಗ ನೆನೆದರೆ ನಾಚಿಕೆಯಾಗುತ್ತದೆ.

"ನಿಮ್ಮ ಪೇಜಿನ್ಯಾಗ ಮತ್ತೆ ಪ್ರಯತ್ನಿಸಿ ಅಂತ ಬರದಿತ್ತಲ್ರೀ ಮೇಡಂ."

ನಾನು ಮಾತಾಡಲಿಲ್ಲ.

ನಮ್ಮಪ್ಪನದು ಸಣ್ಣ ದಿನಸಿ ಅಂಗಡಿ. ಉದ್ರಿ ಪುಸ್ತಕದಲ್ಲಿ ಪ್ರತಿಯೊಬ್ಬರ ಹೆಸರಿನ ಮುಂದೆ ಕೊಟ್ಟದ್ದು, ಬರಬೇಕಾದ್ದು ಬರೆದಿರುತ್ತಿದ್ದ. ಕೆಲವು ಹೆಸರಿನ ಪಕ್ಕ ಪೆನ್ಸಿಲ್ಲಿನ ಚುಕ್ಕಿ. ಹೊಳೆಯಾಚೆಯವರು ಬಸ್ಸಿನ ಕಂಡಕ್ಟರ್ ಕೈಲಿ ದುಡ್ಡು ಕಳಿಸುವ ರೂಢಿಯಿತ್ತು. "ಕಳಿಸಿದ್ದೇನೆ" ಎಂಬ ಸುದ್ದಿ ಬಂದು ದುಡ್ಡು ಬಾರದಿದ್ದರೆ ಅಪ್ಪ ಕೊಟ್ಟರು ಎಂದೂ ಬರೆಯುತ್ತಿರಲಿಲ್ಲ, ಕೊಡಲಿಲ್ಲ ಎಂದೂ ಬರೆಯುತ್ತಿರಲಿಲ್ಲ. ಚುಕ್ಕಿ ಇಡುತ್ತಿದ್ದ. ಆ ಕಂಡಕ್ಟರ್ ಮತ್ತೆ ಸಿಗುವ ತನಕ ಆ ಮನೆಯವರನ್ನು ಕೇಳುತ್ತಿರಲಿಲ್ಲ. ಇಷ್ಟನ್ನು ನೋಡುತ್ತಲೇ ಬೆಳೆದವಳು ನಾನು. ಉತ್ತರ ಬಾರದ್ದಕ್ಕೆ 'ವಿಫಲ' ಎಂದು ಬರೆದದ್ದೂ ನಾನೇ.

ಇಂಥ ಕಡೆ ಸಾಫ್ಟ್‌ವೇರ್ ಮಾಡಬೇಕಾದ್ದು ಹೊಸ ವಿಷಯವೇನಲ್ಲ. ಉತ್ತರ ಬಾರದಿದ್ದರೆ "ನಾನು ಕೇಳಿದ್ದನ್ನು ರದ್ದು ಮಾಡಿ" ಎಂಬ ಇನ್ನೊಂದು ಸಂದೇಶವನ್ನು ಬ್ಯಾಂಕಿಗೆ ಕಳಿಸಬೇಕು, ಅಥವಾ ಏನಾಯಿತೆಂದು ವಿಚಾರಿಸಬೇಕು. ರದ್ದತಿಯ ಸಂದೇಶಕ್ಕೆ 0400 ಎಂಬ ಸಂಖ್ಯೆಯೂ ಇದೆ. ನಮ್ಮ ಕೋಡಿನಲ್ಲಿ ಆ ಜಾಗದಲ್ಲಿ ಇದ್ದದ್ದು 'ಆಮೇಲೆ ಮಾಡುವುದು' ಎಂಬ ಒಂದು ಟಿಪ್ಪಣಿ. ನನಗಿಂತ ಮುಂಚೆ ಇದ್ದವರು ಬರೆದಿಟ್ಟದ್ದು. ಅದನ್ನು ನಾನು ಹತ್ತಾರು ಸಲ ಓದಿ ದಾಟಿ ಹೋಗಿದ್ದೆ.

ಬ್ಯಾಂಕಿನ ಲೆಕ್ಕದ ಕಡತ ಬರುವುದು ಮರುದಿನ ಬೆಳಿಗ್ಗೆ. ಅಷ್ಟು ಹೊತ್ತಿಗೆ ಸೀಟು ಹೋಗಿರುತ್ತದೆ. ಆಗ ಡೀಬಗ್ ಲಾಗ್ ನೆನಪಾಯಿತು. ಯಾರೂ ಕಾಯದ ಹೊತ್ತಿಗೆ ಬಂದ ಉತ್ತರಗಳನ್ನು ಸಾಫ್ಟ್‌ವೇರ್ ಬಿಸಾಡಿದರೂ ಡೀಬಗ್ ಮಟ್ಟದಲ್ಲಿ ಬಿಸಾಡಿದ್ದನ್ನೂ ಬರೆದಿಡುತ್ತದೆ. ಅವರ ಹೆಸರು, ಫೋನ್ ನಂಬರ್ ಹಾಕಿ ಹುಡುಕಿದೆ. ಸಿಕ್ಕಿತು. ಮೊದಲ ಸಲದ ಉತ್ತರ ಮೂವತ್ತನಾಲ್ಕನೇ ಸೆಕೆಂಡಿಗೆ ಬಂದಿತ್ತು. 00. ಎರಡನೆಯದು ನಲವತ್ತೊಂದಕ್ಕೆ. ಅದೂ 00. ಎರಡಕ್ಕೂ ಒಪ್ಪಿಗೆ ಸಂಖ್ಯೆ ಇತ್ತು.

ಅದೇ ಸಾಲಿನಲ್ಲಿ, ಅದರ ಮೇಲಿನ ಸಾಲಿನಲ್ಲಿ, ಕೆಳಗಿನದರಲ್ಲಿ, ಕಾರ್ಡ್ ನಂಬರುಗಳು. ನಕ್ಷತ್ರ ಹಾಕಿ ಮುಚ್ಚದ, ಪೂರ್ತಿ ಹದಿನಾರು ಅಂಕಿಗಳು. ಒಂದುಗಳ ಸಾಲಲ್ಲ, ನಿಜವಾದವು. ಪಕ್ಕದಲ್ಲಿ ಅವಧಿ ಮುಗಿಯುವ ತಿಂಗಳು, ಕಾರ್ಡಿನ ಹಿಂಭಾಗದ ಮೂರಂಕಿಯ ಸಿವಿವಿ. ಶನಿವಾರ ರಾತ್ರಿಯಿಂದ ಫೀಸು ಕಟ್ಟಿದ ಸಾವಿರಕ್ಕೂ ಹೆಚ್ಚು ಜನರದ್ದು.

ಪಿಸಿಐ ನಿಯಮಗಳಲ್ಲಿ ತಕರಾರಿಗೆ ಎಡೆಯೇ ಇಲ್ಲದ ಒಂದು ನಿಯಮವಿದೆ. ಬ್ಯಾಂಕು ಒಪ್ಪಿಗೆ ಕೊಟ್ಟ ಮೇಲೆ ಸಿವಿವಿಯನ್ನು ಎಲ್ಲಿಯೂ ಇಟ್ಟುಕೊಳ್ಳುವಂತಿಲ್ಲ, ಗೂಢಲಿಪಿಯಲ್ಲಿ ಕೂಡ. ಆಗ ಕಾರ್ಡ್ ಸಂಖ್ಯೆಯನ್ನು ತೋರಿಸುವುದಾದರೂ ಸಾಮಾನ್ಯವಾಗಿ ಮೊದಲ ಆರು, ಕೊನೆಯ ನಾಲ್ಕು ಅಂಕಿಗಳಿಗಿಂತ ಹೆಚ್ಚು ತೋರಿಸುವಂತಿರಲಿಲ್ಲ. ಕೆಲಸಕ್ಕೆ ಸೇರಿದ ವಾರದಲ್ಲೇ ಅಮೆರಿಕದ ಹಾರ್ಟ್‌ಲ್ಯಾಂಡ್ ಎಂಬ ಪೇಮೆಂಟ್ ಕಂಪನಿಯ ಕತೆ ಹೇಳಿ ನಮ್ಮನ್ನು ಹೆದರಿಸಿದ್ದರು. 2009ರ ಜನವರಿಯಲ್ಲಿ ಬಯಲಾದ ಆ ಕಳವಿನಲ್ಲಿ ಹೋದದ್ದು ಸುಮಾರು 13 ಕೋಟಿ ಕಾರ್ಡುಗಳ ವಿವರ. ಅದನ್ನು ನಡೆಸಿದ ಆಲ್ಬರ್ಟ್ ಗೊನ್ಸಾಲೆಸ್‌ಗೆ ಮರುವರ್ಷ ಇಪ್ಪತ್ತು ವರ್ಷ ಜೈಲಾಯಿತು. ನಮ್ಮಲ್ಲಿ ಕಳ್ಳ ಬರುವ ಮೊದಲೇ ನಾನು ಎಲ್ಲವನ್ನೂ ಒಂದು ಕಡೆ ಜೋಡಿಸಿ ಇಟ್ಟಿದ್ದೆ.

ಬಾಸ್ ನನ್ನ ಹೆಗಲ ಮೇಲಿಂದ ಪರದೆ ನೋಡಿದರು. ಮುಖ ಬಿಳಿಚಿಕೊಂಡಿತು. "ಅಳ್ಸು. ಈಗ್ಲೇ ಅಳ್ಸು."

"ಸರ್, ಇವರ ಒಪ್ಪಿಗೆ ಸಂಖ್ಯೆ ಇದರಲ್ಲಿ ಮಾತ್ರ ಇದೆ. ಇವರೊಬ್ಬರದ್ದೇ ಅಲ್ಲ."

ಅವರು ಒಂದು ನಿಮಿಷ ಸುಮ್ಮನೆ ನಿಂತರು. ಕೆಟ್ಟವರಲ್ಲ ಅವರು. ಹನ್ನೆರಡು ಜನರ ಸಂಬಳ ಆ ಅರ್ಧ ರ್‍ಯಾಕಿನ ಮೇಲೆ ನಿಂತಿತ್ತು, ಅಷ್ಟೆ. "ಅರ್ಧ ಗಂಟೆ ತಗೋ. ಆರ್ಡರ್ ನಂಬರ್, ಒಪ್ಪಿಗೆ ಸಂಖ್ಯೆ, ಇವೆರಡೇ ಬರ್ಕೋ. ಉಳಿದಿದ್ದೇನೂ ಹೊರಗೆ ಬರಬಾರದು" ಎಂದರು.

ತಡವಾಗಿ ಒಪ್ಪಿಗೆ ಬಂದವರು ನಲವತ್ತೊಂದು ಜನ. ಅವರಲ್ಲಿ ಹದಿನೇಳು ಮಂದಿ ನನ್ನ ವಾಕ್ಯವನ್ನು ನಂಬಿ ಮತ್ತೆ ಕಟ್ಟಿದ್ದರು. ರಾಣೇಬೆನ್ನೂರಿನವರ ಮೊದಲನೆಯ ಪಾವತಿಯನ್ನು ಲೆಕ್ಕಕ್ಕೆ ಹಿಡಿದು ರಸೀದಿ ಹೊರಡಿಸಿದೆವು, ಎರಡನೆಯದನ್ನು ಬ್ಯಾಂಕಿಗೆ ಹೇಳಿ ರದ್ದು ಮಾಡಿಸಿದೆವು. ಬಾಸ್ ತಾವೇ ಕಾಲೇಜಿಗೆ ಫೋನು ಮಾಡಿ ಗುಮಾಸ್ತರನ್ನು ಒಪ್ಪಿಸಿದರು. ನಾಲ್ಕೂ ನಲವತ್ತಕ್ಕೆ ಅವರದೇ ಫೋನು ಬಂತು. "ತುಂಬೈತ್ರೀ ಮೇಡಂ, ರಸೀದಿ ಬಂತು. ದೇವ್ರು ನಿಮ್ಮನ್ನ ಚಲೋ ಇಡ್ಲಿ." ಅವರ ಕಾರ್ಡಿನ ಹದಿನಾರೂ ಅಂಕಿಗಳು ಆಗ ನನ್ನ ಕಣ್ಣ ಮುಂದಿನ ಪರದೆಯಲ್ಲಿದ್ದವು. ನಾನು ಅವರಿಗೆ ಹೇಳಲಿಲ್ಲ.

ಅಂದು ಸಂಜೆ ಲಾಗನ್ನು ಬರೀ ಅಳಿಸದೆ, ಅದರ ಮೇಲೆ ಅರ್ಥವಿಲ್ಲದ ಅಕ್ಷರಗಳನ್ನು ಹಲವು ಸಲ ಬರೆಸಿ ನಾಶ ಮಾಡಿದೆ. ಬ್ಯಾಂಕಿಗೆ ತಿಳಿಸಬೇಕಲ್ಲವೇ ಎಂದು ಕೇಳಿದೆ. "ಯಾರೂ ಒಳಗೆ ಬಂದಿಲ್ವಲ್ಲ, ಏನಂತ ತಿಳಿಸೋದು?" ಎಂದರು. ನನಗೂ ಅದು ಸರಿಯೆನಿಸಿತು, ಅಥವಾ ಸರಿಯೆನಿಸಿದರೆ ನೆಮ್ಮದಿ ಎನಿಸಿತು. ಸೆಪ್ಟೆಂಬರಿನಲ್ಲಿ ಪಿಸಿಐನ ವಾರ್ಷಿಕ ಸ್ವಯಂ ಮೌಲ್ಯಮಾಪನದ ಪ್ರಶ್ನಾವಳಿ ಬಂತು. ಒಪ್ಪಿಗೆಯ ನಂತರ ಸಿವಿವಿಯನ್ನು ಶೇಖರಿಸುವುದಿಲ್ಲ ತಾನೇ ಎಂಬ ಅರ್ಥದ ಪ್ರಶ್ನೆ ಅದರಲ್ಲಿತ್ತು. ವರ್ತಮಾನ ಕಾಲದ ಪ್ರಶ್ನೆ. ಶೇಖರಿಸುವುದಿಲ್ಲ ಎಂದು ಗುರುತು ಹಾಕಿದ್ದು ನಾನು.

ಆ ವಾಕ್ಯವನ್ನು ಮಾತ್ರ ಬದಲಿಸಿದೆ. 'ಏನಾಯಿತೆಂದು ನಮಗೆ ಗೊತ್ತಿಲ್ಲ' ಎಂದು ಬರೆಯಲು ಹೊರಟಿದ್ದೆ. ಗೊತ್ತಿಲ್ಲ ಅಂದರೆ ಯಾರು ದುಡ್ಡು ಕಟ್ಟುತ್ತಾರೆ ಎಂದು ಬಾಸ್ ನಕ್ಕರು. ಎರಡು ದಿನ ಎಳೆದಾಡಿ ಇಷ್ಟಕ್ಕೆ ಬಂದೆವು: "ನಿಮ್ಮ ಬ್ಯಾಂಕಿನಿಂದ ಇನ್ನೂ ಉತ್ತರ ಬಂದಿಲ್ಲ. ಹಣ ಕಡಿತವಾಗಿರಬಹುದು. ದಯವಿಟ್ಟು ಈಗ ಮತ್ತೆ ಪಾವತಿಸಬೇಡಿ." ರದ್ದತಿಯ ಸಂದೇಶದ ಕೋಡನ್ನೂ ಆ ತಿಂಗಳಲ್ಲೇ ಬರೆದು ಮುಗಿಸಿದೆ, ಮೂರು ದಿನದ ಕೆಲಸ. ಮುಂದಿನ ವರ್ಷ ಸೆಪ್ಟೆಂಬರಿನಲ್ಲಿ ರಿಸರ್ವ್ ಬ್ಯಾಂಕು ಇದಕ್ಕೆಲ್ಲ ಗಡುವು ಹಾಕಿತು. ಹೀಗೆ ಆನ್‌ಲೈನಿನಲ್ಲಿ ಕಾರ್ಡಿನಿಂದ ಕಡಿತವಾಗಿ ವ್ಯಾಪಾರಿಗೆ ಖಾತ್ರಿ ಸಿಗದ ಹಣ ಐದು ದಿನದೊಳಗೆ ತಾನಾಗಿ ಹಿಂತಿರುಗಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. 2022ರ ಅಕ್ಟೋಬರ್ 1ರಿಂದ ವ್ಯಾಪಾರಿಗಳೂ ನಮ್ಮಂಥ ಮಧ್ಯದವರೂ ಕಾರ್ಡ್ ಸಂಖ್ಯೆಗಳನ್ನು ಇಟ್ಟುಕೊಳ್ಳುವುದೇ ನಿಂತಿತು. ಅದರ ಬದಲಿಗೆ ಟೋಕನ್ ಎಂಬ ಬದಲಿ ಸಂಖ್ಯೆ ಬಂತು. ಅಷ್ಟು ಹೊತ್ತಿಗೆ ನಾನು ಆ ಲೋಕದಲ್ಲಿರಲಿಲ್ಲ. 2020ರಲ್ಲಿ ಕೆಲಸ ಬಿಟ್ಟು ಇತಿಹಾಸದಲ್ಲಿ ಎಂಎಗೆ ಸೇರಿ, ಈಗ ಮಲೆನಾಡಿನ ವರ್ತಕರ ಸಾಲದ ಲೆಕ್ಕಗಳ ಮೇಲೆ ಪಿಎಚ್‌ಡಿ ಮಾಡುತ್ತಿದ್ದೇನೆ. ದಾರಿ ತಪ್ಪಿದೆ ಎಂದು ಬಂಧುಗಳು ಹೇಳುತ್ತಾರೆ. ನನಗೇನೋ ಎರಡೂ ಒಂದೇ ಕೆಲಸದ ಹಾಗೆ ಕಾಣುತ್ತದೆ, ಸಂಬಳವೊಂದನ್ನು ಬಿಟ್ಟರೆ.

ಹಳೆಯ ಲೆಕ್ಕಗಳು ಕೆಲವು ಕಡತಗಳಲ್ಲಿವೆ. ಸರ್ಕಾರಿ ಕಚೇರಿಯ ಕಡತವಲ್ಲ, ನಿಜವಾದ ಕಡತ. ಬಟ್ಟೆಗೆ ಹುಣಸೆ ಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು, ಕಪ್ಪಗೆ ಗಟ್ಟಿಯಾದ ಮೇಲೆ ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಲ್ಲಿ ಬರೆಯುವಂಥದ್ದು. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆ, ಮತ್ತೆ ಬರೆಯಬಹುದು. ಎರಡು ವರ್ಷದ ಕೆಳಗೆ, ಒಬ್ಬರ ಮನೆಯ ಅಟ್ಟದಿಂದ ಇಳಿಸಿದ ಕಡತವೊಂದನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ಓದುತ್ತಿದ್ದೆ. ಒರೆಸಿದ ಜಾಗದಲ್ಲಿ ಹಳೆಯ ಬಳಪದ ಗೀರು ಮಸುಕಾಗಿ ಕಾಣುತ್ತಿತ್ತು. ಯಾರದೋ ಹೆಸರು, ಮುಂದೆ ಮೊತ್ತ. ತೀರಿಸಿದ ಸಾಲವಿರಬೇಕು. ಒರೆಸಿದವನು ಋಣ ಮುಗಿಯಿತೆಂದುಕೊಂಡಿದ್ದಾನೆ, ನಾನು ಇನ್ನೂರು ವರ್ಷದ ಮೇಲೆ ಕುಳಿತು ಓದುತ್ತಿದ್ದೇನೆ.

ಆಗ ಹೊಟ್ಟೆಯಲ್ಲಿ ಏನೋ ತಣ್ಣಗೆ ಇಳಿಯಿತು. ಜಯನಗರದ ಆಫೀಸಿನಲ್ಲಿ, ನೀರಿನ ಕ್ಯಾನಿನ ಪಕ್ಕದ ಮೇಜಿನ ಕೆಳಗೆ, ಒಂದು ಕಪ್ಪು ಪೆಟ್ಟಿಗೆ ಇತ್ತು. ಪ್ರತಿ ರಾತ್ರಿ ಎರಡು ಗಂಟೆಗೆ ಸರ್ವರಿನ ಲಾಗುಗಳೆಲ್ಲ ಅದರೊಳಕ್ಕೆ ನಕಲಾಗುತ್ತಿದ್ದವು. ಆ ವ್ಯವಸ್ಥೆ ಮಾಡಿದ್ದೂ ನಾನೇ, ಸೇರಿದ ಹೊಸತರಲ್ಲಿ. ಭಾನುವಾರ ರಾತ್ರಿ ಎರಡಕ್ಕೆ ಒಂದು ಸಲ, ಸೋಮವಾರ ರಾತ್ರಿ ಎರಡಕ್ಕೆ ಒಂದು ಸಲ. ಎರಡನೆಯದರ ಹೊತ್ತಿಗೆ ಮೂಲವನ್ನು ನಾಶ ಮಾಡಿಯಾಗಿತ್ತು. ಮೊದಲನೆಯದರ ಹೊತ್ತಿಗೆ ಇರಲಿಲ್ಲ.

ಹಳೆಯ ಸಹೋದ್ಯೋಗಿಯೊಬ್ಬನಿಗೆ ಫೋನು ಮಾಡಿದೆ. ಕೋವಿಡ್ ಹೊತ್ತಿನಲ್ಲಿ ಕಂಪನಿ ಮುಚ್ಚಿದ ಸುದ್ದಿ ಗೊತ್ತಿತ್ತು. ಆ ಪೆಟ್ಟಿಗೆ ಏನಾಯಿತು ಎಂದು ಕೇಳಿದೆ.

"ಯಾವ್ದು? ಓ, ಅದಾ. ಕುರ್ಚಿ, ಯುಪಿಎಸ್ಸು ಎಲ್ಲಾ ಸೇರ್ಸಿ ಗುಜರಿಗೆ ಕೊಟ್ರು ಕಣೇ."

"ಡಿಸ್ಕ್ ತೆಗ್ದಿದ್ರಾ?"

"ಯಾರಿಗ್ಗೊತ್ತು. ಯಾಕೆ, ನಿನ್ ಫೋಟೋ ಗೀಟೋ ಇತ್ತಾ?"

ಆ ಕಾರ್ಡುಗಳ ಅವಧಿ ಮುಗಿದಿರುತ್ತದೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ. ಹೊಸ ಕಾರ್ಡಿಗೆ ಸಿವಿವಿ ಬದಲಾಗಿರುತ್ತದೆ. ಎಷ್ಟೋ ಸಲ ನಂಬರ್ ಮಾತ್ರ ಹಳೆಯದೇ ಮುಂದುವರಿಯುತ್ತದೆ, ಅದೂ ಗೊತ್ತು. ಇಲ್ಲಿ ಒಟಿಪಿ ಕೇಳುತ್ತಾರೆ, ಹೊರದೇಶದ ಎಷ್ಟೋ ಅಂಗಡಿಗಳಲ್ಲಿ ಕೇಳುವುದಿಲ್ಲ. ಆ ಡಿಸ್ಕು ಯಾವುದೋ ಕುಲುಮೆಯಲ್ಲಿ ಕರಗಿ ಹೋಗಿರಲೂಬಹುದು. ಭಾನುವಾರ ರಾತ್ರಿಯ ನಕಲು ಅದು, ರಾಣೇಬೆನ್ನೂರಿನವರು ಕಟ್ಟಿದ್ದು ಸೋಮವಾರ ಎಂದು ಲೆಕ್ಕ ಹಾಕಿಯೂ ನೋಡಿದ್ದೇನೆ. ಆದರೆ ಆ ದಿನ ಗಾಬರಿಯಲ್ಲಿ ನಡುವೆ ಒಂದು ಸಲ ಕೈಯಾರೆ ನಕಲು ಓಡಿಸಿದೆನೇ, ಆ ಒಪ್ಪಿಗೆ ಸಂಖ್ಯೆಗಳು ಕಳೆದುಹೋಗಬಾರದೆಂದು? ಓಡಿಸಿದ ಹಾಗೆ ನೆನಪು. ಇಲ್ಲವೆಂದೂ ನೆನಪು.

ಅವರಿಗೊಂದು ಫೋನು ಮಾಡಿ ಕಾರ್ಡ್ ಬದಲಿಸಿಕೊಳ್ಳಿ ಎನ್ನಬೇಕೆಂದು ಅನಿಸುತ್ತದೆ. ಆ ಹುಡುಗಿಯ ಡಿಗ್ರಿ ಮುಗಿದಿರಬೇಕು, ಅದನ್ನೂ ಕೇಳಬಹುದು. ಅವರ ನಂಬರ್ ನನ್ನ ಹತ್ತಿರ ಇಲ್ಲ. ಇದ್ದದ್ದು ಆ ಲಾಗಿನಲ್ಲೇ.